ಆತು ಅಂದಾನ, ಹಾಕ್ರಿ

ನಮ್ಮ ಕಡೆ ‘ಆತ್ರಿ’ ಎಂದು ಒಂದು ಮಾತಿದೆ. ಕೆಲಸ ಮುಗಿದಿದೆ ಎನ್ನುವುದಕ್ಕೂ ಅದೇ ಮಾತು. ನೀವು ಹೇಳಿದ್ದು ಕೇಳಿಸಿತು, ಇನ್ನು ಮಾಡುತ್ತೇನೆ ಎನ್ನುವುದಕ್ಕೂ ಅದೇ ಮಾತು. ಎದುರಿಗೆ ನಿಂತು ಹೇಳಿದರೆ ಯಾವ ‘ಆತ್ರಿ’ ಎಂಬುದು ಮುಖ ನೋಡಿದರೆ ತಿಳಿಯುತ್ತದೆ. ಫೋನಿನಲ್ಲಿ ಆ ಅನುಕೂಲ ಇಲ್ಲ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಒಬ್ಬ ಇಂಜಿನಿಯರ್ ಸಾಹೇಬರು ಮೊದಲ ಕೆಲವು ತಿಂಗಳು ಈ ಮಾತಿನಿಂದಲೇ ಹೈರಾಣಾಗಿದ್ದರು. ‘ಆಯ್ತು ಅಂತಾರೆ ಮೇಡಂ, ಹೋಗಿ ನೋಡಿದ್ರೆ ಏನೂ ಆಗಿರಲ್ಲ’ ಎಂದು ನನ್ನ ಮುಂದೆ ಗೋಳು ತೋಡಿಕೊಂಡರು. ನಾನು ನಕ್ಕುಬಿಟ್ಟೆ. ‘ನಾವು ಹುಟ್ಟಿದಾಗಿಂದ ಇದ ಮಾತು ಆಡಾಕತ್ತೇವ್ರಿ ಸಾಹೇಬ್ರ, ನಮ್ಮೊಳಗ ಒಮ್ಮೆನೂ ತಪ್ಪಿಲ್ಲ’ ಎಂದೆ. ಅಷ್ಟು ಸೊಕ್ಕು ನನಗಿತ್ತು.

ಸೊಕ್ಕಿಗೆ ಕಾರಣವೂ ಇತ್ತು ಅನ್ನಿ. ನಾನು ಮುದ್ದೇಬಿಹಾಳದವಳು. ಡಿಪ್ಲೊಮಾ ಸಿವಿಲ್ ಓದುವಾಗ ಕ್ಲಾಸಿನಲ್ಲಿ ಇಬ್ಬರೇ ಹುಡುಗಿಯರು. ಇನ್ನೊಬ್ಬಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು, ನಾನು ಅಳತೆ ಟೇಪು ಹಿಡಿದುಕೊಂಡು ಇಲ್ಲೇ ಉಳಿದೆ. ಮಾರ್ಕೆಟ್ ಯಾರ್ಡಿನ ಎದುರಿಗೆ ಮಹಡಿಯ ಮೇಲೆ ಒಂದು ಖೋಲಿ, ಅದೇ ನನ್ನ ಆಫೀಸು. ಬಾಯಿ ಮೊದಲಿನಿಂದಲೂ ಜೋರು. ಗಂಡಸರ ನಡುವೆ ಕೆಲಸ ಮಾಡುವವಳಿಗೆ ಬಾಯಿ ಜೋರಿರಬೇಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ನೆಪ. ನನಗೆ ತಪ್ಪು ಒಪ್ಪಿಕೊಳ್ಳುವುದು ಬರುತ್ತಿರಲಿಲ್ಲ, ಅಷ್ಟೇ.

ನಾವು ಮೂವರು ಪಾಲುದಾರರು. ನಕ್ಷೆ, ಕಬ್ಬಿಣ, ಅಳತೆ, ಕಾಗದಪತ್ರ ನನ್ನದು. ಗೋಡೆ ಮತ್ತು ಕಾಂಕ್ರೀಟು ಝಳಕಿಯ ಗೌಂಡಿ ಕಾಕಾ ಅವರದು. ಗಾರೆ ಕೆಲಸದವರನ್ನು ನಮ್ಮಲ್ಲಿ ಗೌಂಡಿ ಎನ್ನುತ್ತೇವೆ. ಅವರ ಮನೆತನದಲ್ಲಿ ಅಜ್ಜನ ಕಾಲದಿಂದ ಗಾರೆ ಮೆತ್ತುವ ಕರಣಿ ಹಿಡಿದವರೇ ಎಲ್ಲ. ಮಧ್ಯಾಹ್ನದ ನಮಾಜಿಗೆ ಸಿಮೆಂಟಿನ ಖಾಲಿ ಚೀಲ ಝಾಡಿಸಿ ಹಾಸಿಕೊಳ್ಳುತ್ತಿದ್ದರು, ಆಮೇಲೆ ಅದೇ ಚೀಲವನ್ನು ಮಡಚಿ ನನಗೆ ಕೂರಲು ಕೊಡುತ್ತಿದ್ದರು. ಮೂರನೆಯವನು ಸಿಂದಗಿಯವನು, ನಮ್ಮಿಬ್ಬರಿಗಿಂತ ಚಿಕ್ಕವನು. ನಾವಿಬ್ಬರೂ ಅವನನ್ನು ತಮ್ಮ ಎಂದೇ ಕರೆಯುತ್ತಿದ್ದೆವು. ಅವನದು ಸೆಂಟ್ರಿಂಗ್. ಚಾವಣಿಗೆ ಕಾಂಕ್ರೀಟು ಸುರಿಯುವ ಮೊದಲು ಕೆಳಗೆ ತಗಡು ಹಾಸಿ, ಆ ತಗಡಿಗೆ ಸಾಲಾಗಿ ಕಂಬಗಳನ್ನು ಆಸರೆ ಕೊಟ್ಟು ನಿಲ್ಲಿಸುವ ಕೆಲಸ. ಆ ಕಂಬಗಳಿಗೆ ನಾವು ಟೇಕಾ ಎನ್ನುತ್ತೇವೆ.

ಮೂವರೂ ಕೂಡಿ ಮಾಡಿದ ಮೊದಲ ಕೆಲಸ ಇಂಡಿಯಲ್ಲಿ, ಒಬ್ಬ ಲಿಂಬೆ ವ್ಯಾಪಾರಿಯ ಉಗ್ರಾಣ. ಕಾಂಕ್ರೀಟು ಹಾಕುವ ದಿನ ಬೆಳಗ್ಗೆ ಕಾಕಾ ತಗಡಿನ ಕೆಳಗೆ ನುಸುಳಿ ಒಂದೊಂದೇ ಟೇಕಾವನ್ನು ಕರಣಿಯ ಹಿಡಿಯಿಂದ ಬಡಿಯುತ್ತ, ಕಿವಿಗೊಟ್ಟು ಕೇಳುತ್ತ ಹೊರಟರು. ಬಿಗಿಯಾಗಿ ನಿಂತ ಟೇಕಾದ ಸಪ್ಪಳವೇ ಬೇರೆ, ಸಡಿಲಿದ್ದದ್ದರ ಸಪ್ಪಳವೇ ಬೇರೆ. ತಮ್ಮನಿಗೆ ಸಿಟ್ಟು ಬಂತು.

‘ಯಾಕ್ರಿ ಕಾಕಾ, ನನ್ನ ಮ್ಯಾಲ ನಂಬಿಕಿ ಇಲ್ಲೇನು?’

‘ಐತೋ. ನಂಬಿಕಿ ಇಲ್ಲದಿದ್ರ ಬಡೀತಿದ್ದಿಲ್ಲ, ಸೀದಾ ಮನಿಗಿ ಹೋಗ್ತಿದ್ದೆ.’

ಅಂದು ಒಂದು ಟೇಕಾ ಸಡಿಲು ಸಿಕ್ಕಿತು. ತಮ್ಮ ಮುಖ ಸಣ್ಣದು ಮಾಡಿಕೊಂಡು ಬೆಣೆ ಬಡಿದು ಬಿಗಿ ಮಾಡಿದ, ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಕಾಕಾ ಬುತ್ತಿ ಎತ್ತಿಕೊಂಡು ಅವನಿದ್ದಲ್ಲಿಗೇ ಹೋಗಿ ಕುಳಿತು, ರೊಟ್ಟಿ ಮುರಿದು ಅರ್ಧ ಅವನ ಕೈಗಿಟ್ಟರು. ಆಮೇಲಿನಿಂದ ಅದು ನಮ್ಮ ಪದ್ಧತಿಯಾಯಿತು. ಕಾಂಕ್ರೀಟಿನ ದಿನ ಕಲಸುವ ಮಷಿನ್ನಿಗೆ ಕಾಯಿ ಒಡೆಯುವ ಮೊದಲು ಮೂವರೂ ಒಟ್ಟಿಗೆ ಕೆಳಗೆ ಇಳಿಯುತ್ತಿದ್ದೆವು. ನನ್ನ ಕೈಯಲ್ಲಿ ಒಂದು ಇಟ್ಟಿಗೆ ಚೂರು, ಕಾಕಾನ ಕೈಯಲ್ಲಿ ಕರಣಿ, ತಮ್ಮನ ಕೈಯಲ್ಲಿ ಸುತ್ತಿಗೆ. ಒಂದು ಟೇಕಾ ಮೂರು ಸಲ ಬಡಿಸಿಕೊಂಡರೆ ಅದು ಪಾಸು. ಇನ್ನೊಂದು ಕಟ್ಟಳೆಯೂ ಇತ್ತು: ಯಾರ ಕೆಲಸದಲ್ಲಿ ಲೋಪ ಕಂಡರೂ ತೋರಿಸಬೇಕು, ಸರಿಮಾಡಬೇಕಾದವನು ಅವನೇ. ತಮ್ಮನ ಟೇಕಾಕ್ಕೆ ಕಾಕಾ ಕೈ ಹಚ್ಚುವಂತಿಲ್ಲ, ಕಾಕಾನ ಗೋಡೆಗೆ ನಾನು ಕೈ ಹಚ್ಚುವಂತಿಲ್ಲ.

ಬಡಿಯುವುದು ಯಾವಾಗ ನಿಂತಿತು ಎಂದು ಸರಿಯಾಗಿ ನೆನಪಿಲ್ಲ. ಸಿಂದಗಿಯಲ್ಲಿ ಒಂದು ಮನೆ ಕಟ್ಟುವಾಗ ಮಳೆ ಬರುವಂತಿತ್ತು, ಅವಸರಕ್ಕೆ ಬಿಟ್ಟೆವು. ಏನೂ ಆಗಲಿಲ್ಲ. ಮುಂದಿನ ಸಲ ಮಳೆ ಇರಲಿಲ್ಲ, ಆದರೂ ಬಿಟ್ಟೆವು. ಆಮೇಲೆ ‘ಇಷ್ಟು ವರ್ಷ ಆದಮ್ಯಾಲ ಮತ್ತೇನ್ ಬಡಿಯೋದು, ಅಂವೇನ್ ಹೊಸಬನೇನು?’ ಎಂದು ನಾನೇ ಅಂದೆ. ಕಾಕಾ ಕರಣಿ ಕೆಳಗಿಟ್ಟರು. ತಮ್ಮನಿಗೆ ಖುಷಿಯಾಯಿತು. ತನ್ನನ್ನು ಪೂರ್ತಿ ನಂಬಿದರು ಎಂದು ಅವನಿಗೆ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸಿತ್ತು. ಕಟ್ಟಳೆಯಲ್ಲಿ ಉಳಿದದ್ದು ಒಂದೇ ಭಾಗ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಚ್ಚಬಾರದು ಎನ್ನುವುದು. ಬರಬರುತ್ತ ಕಣ್ಣು ಹಾಯಿಸುವುದೂ ಅವಮಾನ ಎನ್ನುವಂತಾಯಿತು.

ಇನ್ನೂ ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಒಂದು ಕಾಲೇಜಿನವರು ಕಟ್ಟಡ ಕೆಲಸದಲ್ಲಿ ಪಾಲುದಾರರ ನಡುವೆ ವಿಶ್ವಾಸ ಬೆಳೆಸುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದರು. ಹೋಗಿ ಮಾತಾಡಿದೆ. ‘ನಾವು ಮೂವರು ಒಬ್ಬರ ಕೆಲಸವನ್ನು ಒಬ್ಬರು ತಿರುಗಿ ನೋಡುವುದಿಲ್ಲ. ಫೋನ್ ಮಾಡಿ ಆತೇನು ಎಂದರೆ ಆತ್ರಿ ಎನ್ನುತ್ತಾರೆ. ಮುಗಿಯಿತು. ವಿಶ್ವಾಸ ಎಂದರೆ ಅದು’ ಎಂದು ಬೀಗಿದೆ. ಹುಡುಗರು ಚಪ್ಪಾಳೆ ತಟ್ಟಿದರು, ಪ್ರಾಂಶುಪಾಲರು ಶಾಲು ಹೊದಿಸಿದರು. ಆ ಮಕ್ಕಳನ್ನು ಮತ್ತೆ ಕೂಡಿಸಿ, ನಾನು ಹೇಳಿದ್ದೆಲ್ಲ ಮರೆತುಬಿಡಿ ಎನ್ನಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಅವರೆಲ್ಲ ಈಗ ಎಲ್ಲೆಲ್ಲಿ ಯಾವ ಚಾವಣಿ ಹಾಕುತ್ತಿದ್ದಾರೋ.

ಬಸವನ ಬಾಗೇವಾಡಿಯಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ಊರವರೆಲ್ಲ ಸಮಿತಿ ಮಾಡಿಕೊಂಡು ಮಕ್ಕಳಿಗೆ ಒಂದು ವಾಚನಾಲಯ ಕಟ್ಟಿಸುತ್ತಿದ್ದರು. ದೊಡ್ಡ ಕೋಣೆಯ ಚಾವಣಿ ಮುಗಿದಿತ್ತು. ಬಾಗಿಲ ಮುಂದಿನ ಪೋರ್ಚು ಬಾಕಿ. ಅಲ್ಲಿಯ ನೆಲ ಕರಿ ಯರಿ ಮಣ್ಣು; ಒಣಗಿದ್ದಾಗ ಕಲ್ಲು, ನೀರು ಕುಡಿದರೆ ಕೆಸರು. ಅಂಥ ನೆಲದ ಮೇಲೆ ಟೇಕಾ ನಿಲ್ಲಿಸುವಾಗ ಬುಡಕ್ಕೆ ಹಲಗೆ ಕೊಡಬೇಕು, ಇಲ್ಲವಾದರೆ ಭಾರ ಬಿದ್ದಾಗ ಹೂತುಹೋಗುತ್ತದೆ. ಇದು ತಮ್ಮನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಎಲ್ಲ ಟೇಕಾಗಳಿಗೂ ಹಲಗೆ ಕೊಟ್ಟಿದ್ದ. ಹೊರಮೂಲೆಯ ಎರಡಕ್ಕೆ ಹಲಗೆ ಸಾಲದೆ, ಸಿಂದಗಿಯಿಂದ ತರುತ್ತೇನೆಂದು ಬಿಟ್ಟಿದ್ದನಂತೆ. ಈ ಮಾತು ನನಗೆ ತಿಳಿದದ್ದು ಬಹಳ ತಡವಾಗಿ.

ಕಾಂಕ್ರೀಟಿನ ಹಿಂದಿನ ದಿನ ಸಂಜೆ ಅವನು ಊರಿಗೆ ಹೋದ. ಮಗಳನ್ನು ನೋಡಲು ಬೆಳಗ್ಗೆ ಬೀಗರು ಬರುವವರಿದ್ದರು. ‘ಅವರಿಗೆ ಚಾ ಕುಡಿಸಿ ಸಿಕ್ಕ ಮೊದಲನೇ ಬಸ್ಸಿಗೆ ಹೊಂಡ್ತೇನಿ ಅಕ್ಕಾರ’ ಎಂದ. ನಾನು ಹೋಗು ಎಂದೆ, ಆದರೆ ಒಳಗೊಳಗೇ ಉರಿದುಕೊಂಡೆ. ಚಾವಣಿ ಹಾಕುವ ದಿನ ಮನೆಗೆ ಹೋಗುವವನು ಎಂಥ ಪಾಲುದಾರ? ನನ್ನ ಮನೆಯಲ್ಲಿ ಮದುವೆ, ಸಾವು ಆದಾಗಲೂ ನಾನು ಕೆಲಸ ಬಿಟ್ಟವಳಲ್ಲ. ಬೆಳಗ್ಗೆ ಹಳ್ಳಿಗೆ ಬಂದಿಳಿದಾಗಲೂ ಆ ಸಿಟ್ಟು ಆರಿರಲಿಲ್ಲ.

ಮೋಡ ಕವಿದಿತ್ತು. ಕಾಂಕ್ರೀಟು ಕಲಸುವ ಮಷಿನ್ನಿನ ಗ್ಯಾಂಗಿನವರು ಮಧ್ಯಾಹ್ನ ಬೇರೆ ಊರಿಗೆ ಹೋಗಬೇಕೆಂದು ಒಂದೇ ಸಮನೆ ತಕರಾರು ತೆಗೆದಿದ್ದರು. ಕಾಕಾ ಆಗಲೇ ಮೇಲೆ ಏರಿದ್ದರು. ಅಲ್ಲಿಂದಲೇ ಬಗ್ಗಿ ಕೂಗಿದರು.

‘ಬಾಯಾರ, ನಿನ್ನೆ ಸಂಜಿ ನೀರಿನ ಡ್ರಮ್ ಸೋರಿ ಹೊರಗಿನ ಮೂಲಿ ಹಸಿ ಆಗಿತ್ರಿ. ಆ ಎರಡು ಟೇಕಾದ ಬುಡಕ ಹಲಗಿ ಅದಾವೋ ಇಲ್ಲೋ, ತಮ್ಮಗ ಜರಾ ಕೇಳ್ರಿ.’

ನಾನು ಫೋನ್ ಮಾಡಿದೆ. ತಮ್ಮ ಎತ್ತಿದ. ಸುತ್ತ ಬಸ್ಸಿನ ಗದ್ದಲ, ಕಂಡಕ್ಟರ್ ‘ದೇವರ ಹಿಪ್ಪರಗಿ ಇಳಿಯೋರು ಲಗೂ ಇಳೀರಿ’ ಎಂದು ಕೂಗುತ್ತಿದ್ದ. ಅಂದರೆ ಅವನು ನಮ್ಮಲ್ಲಿಗೆ ಬಂದು ಮುಟ್ಟಲು ಇನ್ನೂ ಒಂದು ತಾಸಾದರೂ ಬೇಕು. ನಾನು ಸಿಟ್ಟಿನಲ್ಲೇ ಅಂದೆ: ‘ಮೂಲಿ ಎರಡು ಟೇಕಾಕ್ಕ ಹಲಗಿ ಹಾಕಬೇಕು ನೋಡು.’ ಅವನು ‘ಆತ್ರಿ ಅಕ್ಕಾರ, ಆತ್ರಿ’ ಎಂದ. ಫೋನ್ ಕಟ್ಟಾಯಿತು.

ಇಲ್ಲಿ ನಿಂತು ಹೇಳಬೇಕು. ಕಾಕಾ ನನಗೆ ಹೇಳಿದ್ದು ‘ಕೇಳ್ರಿ’ ಎಂದು. ನಾನು ಕೇಳಲಿಲ್ಲ. ‘ಹಾಕೀಯೇನು?’ ಎಂದು ಕೇಳಿದ್ದರೆ ಅವನು ಇಲ್ಲ ಎನ್ನುತ್ತಿದ್ದ. ನಾನು ‘ಹಾಕಬೇಕು’ ಎಂದು ಹುಕುಂ ಮಾಡಿದೆ, ಅವನು ಬಂದು ಹಾಕುತ್ತೇನೆ ಎಂದು ಒಪ್ಪಿದ. ಹುಕುಮಿಗೆ ಬಂದ ‘ಆತ್ರಿ’ ಯಾವ ‘ಆತ್ರಿ’ ಎಂಬುದು ನಮ್ಮ ಕಡೆಯ ಐದು ವರ್ಷದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆ ಕ್ಷಣದಲ್ಲೇ ಗೊತ್ತಿತ್ತು. ಮೂಲೆ ನಾನು ನಿಂತ ಜಾಗದಿಂದ ಇಪ್ಪತ್ತು ಹೆಜ್ಜೆ. ನಡುವೆ ಇಟ್ಟಿಗೆ ಒಟ್ಟಿದ್ದರಿಂದ ಬುಡ ಕಾಣುತ್ತಿರಲಿಲ್ಲ. ಹೋಗಿ ನೋಡಿದರೆ ಅವನು ಬರುವ ತನಕ ಕಾಯಬೇಕಾಗುತ್ತಿತ್ತು, ನೋಡದಿದ್ದರೆ ಕಾಯಬೇಕಿರಲಿಲ್ಲ. ಗ್ಯಾಂಗಿನವನು ಮತ್ತೆ ‘ಏನ್ ಮಾಡೋಣ್ರಿ?’ ಎಂದ. ನಾನು ಮೇಲೆ ನೋಡಿ ಕೂಗಿದೆ.

‘ಆತು ಅಂದಾನ, ಹಾಕ್ರಿ!’

ಒಂದಕ್ಷರ ಸುಳ್ಳಿರಲಿಲ್ಲ. ಅವನು ಅಂದದ್ದು ಅದನ್ನೇ. ಕಾಕಾ ‘ಬಿಸ್ಮಿಲ್ಲಾ’ ಎಂದು ಮೊದಲ ಬುಟ್ಟಿ ಸುರಿಸಿಕೊಂಡರು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಕಾಕಾ ಹೊರಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮಟ್ಟ ಮಾಡುತ್ತಿದ್ದರು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಮೂಲೆ ಮೆಲ್ಲಗೆ ಕುಸಿಯಿತು, ತಗಡು ವಾಲಿತು, ಹಸಿ ಕಾಂಕ್ರೀಟಿನ ಜೊತೆ ಕಾಕಾ ಜಾರಿ ಕೆಳಗೆ ಬಂದರು. ಅವರ ಮೇಲೆ ಇನ್ನಷ್ಟು ಕಾಂಕ್ರೀಟು ಬಿತ್ತು. ನಾವು ಕೈಯಿಂದ ಬಗೆದೆವು. ಬಿಳಿ ಟೊಪ್ಪಿಗೆ ಮೊದಲು ಸಿಕ್ಕಿತು, ಆಮೇಲೆ ಮುಖ. ಕಣ್ಣು ತೆರೆದಿದ್ದರು. ನನ್ನನ್ನು ನೋಡಿ ‘ಉಳದವ್ರೆಲ್ಲಾ ಬರೋಬರಿ ಅದಾರೇನ್ರಿ?’ ಎಂದು ಕೇಳಿದರು. ಉಳಿದವರಿಗೆ ಏನೂ ಆಗಿರಲಿಲ್ಲ. ಅವರನ್ನು ವಿಜಯಪುರಕ್ಕೆ ಸಾಗಿಸಲು ಗಾಡಿ ಹೊರಟಾಗ ಎದುರಿಗೆ ತಮ್ಮ ನಡೆದು ಬರುತ್ತಿದ್ದ. ಅವನ ಹೆಗಲ ಮೇಲೆ ಎರಡು ಹಲಗೆ ಇದ್ದವು.

ಆ ಎರಡು ಹಲಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡೂ ಮೂರನೇ ದಿನ ಊರ ಸಮಿತಿಗೆ ವರದಿ ಬರೆದು ಕೊಟ್ಟೆ. ಕಾಗದಪತ್ರ ನನ್ನ ಪಾಲಿನ ಕೆಲಸ ತಾನೆ. ‘ಮೂಲೆಯ ಆಸರೆಗಳನ್ನು ಸರಿಪಡಿಸಲಾಗಿದೆಯೆಂದು ಸೆಂಟ್ರಿಂಗ್ ಪಾಲುದಾರರು ದೂರವಾಣಿಯಲ್ಲಿ ತಿಳಿಸಿದ ಮೇರೆಗೆ ಕಾಮಗಾರಿ ಆರಂಭಿಸಲಾಯಿತು’ ಎಂದು ಬರೆದೆ. ಆಡುವ ಭಾಷೆಯ ಒಂದು ‘ಆತ್ರಿ’ ಕಾಗದದ ಭಾಷೆಗೆ ಬರುವಷ್ಟರಲ್ಲಿ ಇಷ್ಟುದ್ದ ಆಯಿತು, ಇಷ್ಟು ಗಟ್ಟಿಯೂ ಆಯಿತು. ಸಮಿತಿಯವರು ತಮ್ಮನನ್ನು ಕರೆಸಿ ಓದಿ ಹೇಳಿದರು. ‘ಹೌದೇನಪ್ಪಾ?’ ಎಂದರು. ಅವನು ನೆಲ ನೋಡುತ್ತ ‘ಅಕ್ಕಾರ ಬರದಾರಂದ್ರ ಹೌದಿರಬೇಕ್ರಿ’ ಎಂದ.

ಹಲಗೆ ಹೊತ್ತು ಬಂದದ್ದು ಯಾಕೆ ಎಂದು ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಾಕಾ ಬದುಕಿದರು. ಸೊಂಟದ ಎಲುಬು ಕೂಡಿತು, ಆದರೆ ನಾಲ್ಕು ಕಾಲಿನ ಕೋಲಿಲ್ಲದೆ ನಡೆಯಲಾಗುವುದಿಲ್ಲ. ಬಲಗೈ ಮಣಿಕಟ್ಟು ತಿರುಗುವುದಿಲ್ಲ. ಕರಣಿ ಹಿಡಿಯುವುದಂತೂ ಮುಗಿದ ಮಾತು. ಹದಿನೈದು ದಿನಕ್ಕೊಮ್ಮೆ ನಾನು ಝಳಕಿಗೆ ಹೋಗುತ್ತಿದ್ದೆ. ಹೆದ್ದಾರಿಯ ಲಾರಿಗಳ ಸಪ್ಪಳದ ನಡುವೆ, ಮನೆ ಮುಂದಿನ ಕಟ್ಟೆಯ ಮೇಲೆ ಅವರು ಕುಳಿತಿರುತ್ತಿದ್ದರು. ಎದುರಿಗೆ ಯಾರೋ ಹೊಸ ಅಂಗಡಿ ಕಟ್ಟಿಸುತ್ತಿದ್ದರು. ‘ಗ್ವಾಡಿ ಗುಂಡಿಗೆ ಇಲ್ಲ, ನೋಡ್ರಿ ಬಾಯಾರ’ ಎಂದು ಎಡಗೈ ಚಾಚಿ ತೋರಿಸುತ್ತಿದ್ದರು. ಹೌದು, ನೂಲುಗುಂಡು ಬಿಡದೆ ಕಟ್ಟಿದ ಗೋಡೆ, ವಾಲಿತ್ತು. ಎದ್ದು ಹೋಗಿ ಸರಿ ಮಾಡಲಾರರು. ಅವರನ್ನು ಹಾಗೆ ನೋಡುವುದು ನನಗೆ ಸಂಕಟ. ಆದರೂ ಹೋಗುತ್ತಿದ್ದೆ, ಹೋಗದಿದ್ದರೆ ಇನ್ನೂ ಸಂಕಟ.

ತಮ್ಮನ ಕೆಲಸ ನಿಂತಿತು. ಸಿಂದಗಿಯಲ್ಲಿ ಮಾತು ಹರಡಲು ಹೊತ್ತು ಬೇಕಿಲ್ಲ. ಆಗದ ಕೆಲಸವನ್ನು ಆತು ಎಂದು ಗೌಂಡಿಯನ್ನು ಕೆಡವಿದವನು ಎಂದು ಹೆಸರಾಯಿತು. ಅವನ ತಗಡು, ಟೇಕಾ ಎಲ್ಲ ಹಿತ್ತಲಿನಲ್ಲಿ ತುಕ್ಕು ಹಿಡಿಯುತ್ತಿವೆ, ಅವನು ಹಮಾಲಿಗೆ ಹೋಗುತ್ತಿದ್ದಾನೆ ಎಂದು ಯಾರೋ ಹೇಳಿದರು. ಮಗಳನ್ನು ನೋಡಿಹೋದ ಬೀಗರು ಮತ್ತೆ ಸುದ್ದಿ ಕಳಿಸಲಿಲ್ಲವಂತೆ. ನಾನು ಬೇರೆಯವರನ್ನು ಕಟ್ಟಿಕೊಂಡು ಸಣ್ಣಪುಟ್ಟ ಕೆಲಸ ಮಾಡುತ್ತಿದ್ದೆ. ಅವನು ನನಗೆ ಫೋನ್ ಮಾಡಲಿಲ್ಲ. ಅವನು ಜಗಳ ಮಾಡಲಿ, ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆನೋ ಏನೋ.

ಒಂದು ದಿನ ಮಧ್ಯಾಹ್ನ ಝಳಕಿಯಲ್ಲಿ ಕಾಕಾನ ಮನೆಯ ಒಳಗೆ ಕುಳಿತು ಚಹ ಕುಡಿಯುತ್ತಿದ್ದೆ. ಹೊರಗೆ ಕಟ್ಟೆಯ ಬಳಿ ಯಾರೋ ಬಂದ ಸಪ್ಪಳವಾಯಿತು. ‘ಕಾಕಾ’ ಎಂದ ದನಿ ಕೇಳಿದ ಕೂಡಲೇ ಗುರುತು ಹತ್ತಿತು. ಇಂಡಿಯಿಂದ ಒಂದು ಚೀಲ ಲಿಂಬೆಹಣ್ಣು ತಂದಿದ್ದ. ಮೊದಲ ಕೆಲಸ ಮುಗಿಸಿದಾಗಿನಿಂದ ಪ್ರತಿ ವರ್ಷ ತಂದುಕೊಡುತ್ತಿದ್ದ.

‘ಯಾಕ ಬಂದಿ?’ ಕಾಕಾ ಎಂದೂ ಅಷ್ಟು ಒರಟಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

‘ನಿಮ್ಮನ್ನ ನೋಡಾಕ ಬಂದೇನ್ರಿ.’

‘ನೋಡಿದೆಲ್ಲ? ಹೋಗು. ಹಾಕಿಲ್ಲ ಅಂತ ಒಂದು ಮಾತು ಅಂದಿದ್ರ ನಾ ಕಾಯ್ತಿದ್ದಿಲ್ಲೇನು? ನಾ ಏನ್ ನಿನ್ನ ಬೈತಿದ್ನೇನು? ಸುಳ್ಳ ಯಾಕ ಹೇಳ್ದಿ?’

ತಮ್ಮ ಚೀಲ ನೆಲಕ್ಕಿಟ್ಟ ಸಪ್ಪಳವಾಯಿತು, ಚಪ್ಪಲಿಯ ಸಪ್ಪಳ ರಸ್ತೆಯ ಕಡೆಗೆ ಹೋಯಿತು. ನಾನು ಗೋಡೆಯ ಈಚೆ, ಐದಾರು ಹೆಜ್ಜೆ ದೂರದಲ್ಲಿ, ಕಪ್ಪು ಹಿಡಿದುಕೊಂಡು ಕುಳಿತಿದ್ದೆ. ಎದ್ದು ಹೊರಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಪೋರ್ಚು ಕುಸಿದ ದಿನಕ್ಕಿಂತ ಆ ದಿನ ನನ್ನ ಮೇಲೆ ನನಗೆ ಹೆಚ್ಚು ಹೇಸಿಗೆಯಾಯಿತು. ಕುಸಿದದ್ದು ಅವಸರದ ತಪ್ಪು ಎನ್ನಬಹುದು. ಇದಕ್ಕೆ ಏನೆನ್ನಲಿ?

ಕಾಕಾ ಕೋಲೂರಿಕೊಂಡು ಒಳಗೆ ಬಂದು ಕುಳಿತರು. ‘ಅವನ ಜೋಡಿ ಒಂದ ಗಂಗಾಳದಾಗ ಉಂಡೇನ್ರಿ ಬಾಯಾರ’ ಎಂದರು. ಆಗ ನಾನು ಹೇಳಿದೆ. ಮೊದಲಿಂದ, ಬಸ್ಸಿನ ಗದ್ದಲದಿಂದ ಹಿಡಿದು, ನಾನು ಕೇಳಲಿಲ್ಲ, ಹುಕುಂ ಮಾಡಿದೆ ಎನ್ನುವ ತನಕ. ಇಪ್ಪತ್ತು ಹೆಜ್ಜೆಯ ಮಾತೂ ಹೇಳಿದೆ, ಹೆಗಲ ಮೇಲಿನ ಹಲಗೆಯ ಮಾತೂ ಹೇಳಿದೆ. ಮುಗಿದ ಮೇಲೆ ಅವರು ಬಲಗೈಯನ್ನು ಎಡಗೈಯಿಂದ ತಿಕ್ಕುತ್ತ ಕುಳಿತರು. ಅವರು ಕ್ಷಮಿಸುತ್ತಾರೆ ಎಂದು ನನ್ನ ಮನಸ್ಸಿನ ಒಂದು ಮೂಲೆ ಆಸೆಪಟ್ಟಿತ್ತು. ಅಂಥ ಆಸೆಗೂ ನಾಚಿಕೆ ಬೇಡವೆ?

‘ಈಗ ಅಂವ ಬಂದಿದ್ದ’ ಎಂದರು. ‘ನೀವು ಒಳಗ ಕುಂತಿದ್ರಿ. ನನ್ನ ಕೈಲೆ ಅವನ್ನ ಬೈಸಿದ್ರಿ.’

‘ತಪ್ಪಾತ್ರಿ ಕಾಕಾ.’

‘ನನ್ನ ಮುಂದ ಹೇಳಬ್ಯಾಡ್ರಿ. ಕಾಗದದಾಗ ಬರದದ್ದನ್ನ ಕಾಗದದಾಗ ತಿದ್ರಿ, ಅವನ ಮನಿಗಿ ಹೋಗಿ ಅವನ ಮುಂದ ಹೇಳ್ರಿ. ಆಮ್ಯಾಲ ಇಲ್ಲಿ ಬರೂದ ಬ್ಯಾಡ. ನಾ ಆಗಿ ಕರದ್ರ ಬರ್ರಿ.’

ಇದುವರೆಗೆ ಅವರು ಕರೆದಿಲ್ಲ.

ಮರುದಿನ ಹಳ್ಳಿಗೆ ಹೋಗಿ ಸಮಿತಿಯವರ ಕೈಗೆ ಹೊಸ ಕಾಗದ ಕೊಟ್ಟೆ. ನಾನು ಕೇಳದೆಯೇ, ನೋಡದೆಯೇ ಕೆಲಸ ಆರಂಭಿಸಿದೆ, ತಪ್ಪು ನನ್ನದು ಎಂದು ಎರಡೇ ಸಾಲು. ಹಿರಿಯರೊಬ್ಬರು ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು ‘ಇನ್ನ ಇದರಿಂದ ಏನ್ ಉಪಯೋಗ್ರಿ?’ ಎಂದರು. ವಾಚನಾಲಯಕ್ಕೆ ಪೋರ್ಚಿಲ್ಲ. ಮಕ್ಕಳು ಚಪ್ಪಲಿ ಬಿಸಿಲಿಗೇ ಬಿಟ್ಟು ಒಳಗೆ ಹೋಗುತ್ತಿದ್ದರು. ಅಲ್ಲಿಂದಲೇ ಸಿಂದಗಿಯ ಬಸ್ಸು ಹಿಡಿದೆ.

ತಮ್ಮ ಆಗಷ್ಟೇ ಹಮಾಲಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಬೆನ್ನ ಮೇಲೆ ಚೀಲ ಹೊತ್ತ ಧೂಳು ಹಾಗೇ ಇತ್ತು. ನನ್ನನ್ನು ಕಂಡು ಗಡಿಬಿಡಿಯಿಂದ ‘ಬರ್ರಿ ಅಕ್ಕಾರ, ಕೂಡ್ರಿ’ ಎಂದು ಜಮಖಾನೆ ಹಾಸಿದ. ನಾನು ಕೂರಲಿಲ್ಲ, ನಿಂತೇ ಹೇಳಿದೆ. ಎರಡನೇ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ, ಇನ್ನೂ ಕಷ್ಟವಾಯಿತು. ‘ತಮ್ಮಾ, ಹಾಕೀಯೇನು ಅಂತ ನಾ ನಿನ್ನ ಕೇಳೇ ಇಲ್ಲ. ಹಾಕಬೇಕು ಅಂದೆ. ನೀ ಆತ್ರಿ ಅಂದದ್ದು ಬಂದು ಹಾಕ್ತೇನಿ ಅಂತ. ನನಗ ಆಗ ಗೊತ್ತಿತ್ತು.’

ಅವನು ಟವೆಲ್ ಹಿಡಿದುಕೊಂಡು ಹಾಗೇ ನಿಂತ. ಕೇಳಿದ: ‘ಅಂದ್ರ, ನಾ ಆಗಲೇ ಹಾಕೇನಿ ಅಂತ ಅಂದಿದ್ದಿಲ್ಲರಿ?’

‘ಇಲ್ಲ.’

‘ಬಸ್ಸಿನ್ಯಾಗ ಗದ್ಲ ಇತ್ರಿ. ನೀವು ಏನೋ ಕೇಳೀರಿ, ನಾ ಮಗಳ ವಿಚಾರದಾಗ ಇದ್ದೆ, ಹಾಕೇನಿ ಅಂದುಬಿಟ್ಟೇನಿ ಅಂತ ತಿಳಕೊಂಡಿದ್ನಿರಿ. ದಿನಾ ನೆನಸ್ತೇನಿ. ಅಂದಂಗ ನೆನಪಾಗೂದಿಲ್ಲ. ಆದ್ರ ಅಕ್ಕಾರ ಬರದಾರಂದ್ರ ಅಂದಿರಬೇಕು ಅಂತ...’ ಮಾತು ನಿಲ್ಲಿಸಿ ಒಳಗೆ ತಿರುಗಿ ಹೆಂಡತಿಯನ್ನು ಕರೆದ. ‘ಬಾ ಇಲ್ಲಿ. ಅಕ್ಕಾರ, ಈಕಿ ಮುಂದ ಇನ್ನೊಮ್ಮೆ ಹೇಳ್ರಿ.’

ಹೇಳಿದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ಕೇಳಿದಳು. ಆಮೇಲೆ ನನ್ನನ್ನು ಬಿಟ್ಟು ಗಂಡನ ಕಡೆ ನೋಡಿದಳು.

‘ನಾ ಹೇಳಿದ್ದಿಲ್ಲೇನು? ಅವತ್ತ ಬೀಗರಿಗೆ ಚಾ ಕುಡಿಸಿ ಎರಡು ಹಲಗಿ ಹಿಡಕೊಂಡು ಹೊಂಟಿದ್ರಿ, ಮೂಲಿ ಉಳದೈತಿ ಅಂತ ನನ್ನ ಮುಂದ ಅಂದ್ರಿ ಅಂತ, ಎಷ್ಟ ಸಲ ಹೇಳೇನಿ. ಅಕ್ಕಾರ ಸುಳ್ಳ ಬರಿಯಂಗಿಲ್ಲ ಅಂತ ನನ್ನ ಬಾಯಿ ಮುಚ್ಚಿಸಿದ್ರಿ.’

ತಮ್ಮ ತಲೆ ತಗ್ಗಿಸಿದ. ನನ್ನ ಕಡೆ ನೋಡದೆಯೇ ಹೇಳಿದ: ‘ಒಂದ ಸಲ ನಾ ಅಕಿ ಮ್ಯಾಲ ಕೈ ಎತ್ತೇನ್ರಿ ಅಕ್ಕಾರ. ನಿಮ್ಮ ಮಾತಿನ ಸಲುವಾಗಿ.’

ಅವನ ಹೆಂಡತಿ ನನ್ನ ಹತ್ತಿರ ಬಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.

‘ಅಕ್ಕಾರ, ಇದನ್ನ ಅವತ್ತ ಹೇಳಿದ್ರ ನಿಮಗ ಏನ್ ಆಗ್ತಿತ್ರಿ?’

ನಾನು ಯೋಚಿಸಿದೆ. ಸಮಿತಿಯವರು ನಾಲ್ಕು ಮಾತು ಬೈಯುತ್ತಿದ್ದರು. ಕಾಕಾ ಕೆಲವು ದಿನ ಮಾತು ಬಿಡುತ್ತಿದ್ದರು, ಆಮೇಲೆ ಆಡುತ್ತಿದ್ದರು. ಮುದ್ದೇಬಿಹಾಳದಲ್ಲಿ ನನ್ನ ಬೆನ್ನ ಹಿಂದೆ ಮಂದಿ ಒಂದಿಷ್ಟು ನಗುತ್ತಿದ್ದರು.

‘ಏನೂ ಆಗ್ತಿದ್ದಿಲ್ಲವ್ವಾ’ ಎಂದೆ.